ಸೌತೆಕಾಯಿ ಹುಳಿ ಮಾಡುತ್ತಾ ಅಂಗಡಿಯ ಬೆಲೆ ಓದೋಣ

ನಮಸ್ಕಾರ. ಇವತ್ತು ಒಲೆಯ ಮೇಲೆ ಬಣ್ಣದ ಸೌತೆಕಾಯಿ ಹುಳಿ. ನಮ್ಮ ಕಾಸರಗೋಡಿನ ಕಡೆ ಕೆಲವು ಮನೆಗಳಲ್ಲಿ ಇದಕ್ಕೆ ಕೊದಿಲು ಅಂತಲೂ ಹೇಳುತ್ತಾರೆ. ನಾಲ್ಕು ಜನಕ್ಕೆ, ಒಂದು ಹೊತ್ತಿಗೆ ಆಗುವಷ್ಟು. ಅಡುಗೆ ಕಷ್ಟದ್ದಲ್ಲ. ಆದರೆ ಇದಕ್ಕೆ ಬೇಕಾದ ಸಾಮಾನು ತರುವಾಗ ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಬೆಲೆ ಒಂದು, ಪಾತ್ರೆಗೆ ಬೀಳುವ ಪದಾರ್ಥದ ಬೆಲೆ ಇನ್ನೊಂದು. ಹಾಗಾಗಿ ಅಡುಗೆಯ ಕ್ರಮದಲ್ಲೇ, ಒಂದೊಂದು ಸಾಮಾನು ಕೈಗೆ ಬಂದ ಹಾಗೆ, ಅದರ ಬೆಲೆಯನ್ನು ಹೇಗೆ ಓದಬೇಕು ಅಂತ ನೋಡುತ್ತಾ ಹೋಗೋಣ. ನಾನು ಹೇಳುವ ರೂಪಾಯಿಗಳೆಲ್ಲ ಲೆಕ್ಕ ತಿಳಿಯಲಿಕ್ಕೆ ಇಟ್ಟುಕೊಂಡ ಅಂಕಿಗಳು, ಇವತ್ತಿನ ಪೇಟೆ ಬೆಲೆ ಅಲ್ಲ.

ಮೊದಲು ತೊಗರಿಬೇಳೆ, 100 ಗ್ರಾಂ. ಎರಡು ಮೂರು ಸಲ ತೊಳೆದು, ಇಪ್ಪತ್ತು ನಿಮಿಷ ನೆನೆಸಿ, ಚಿಟಿಕೆ ಅರಸಿನ, ನಾಲ್ಕು ಹನಿ ಎಣ್ಣೆ, 300 ಎಂಎಲ್ ನೀರು ಹಾಕಿ ಕುಕ್ಕರಿಗೆ ಇಡಿ. ಮೂರು ನಾಲ್ಕು ಸೀಟಿ ಸಾಕು. ಹುಣಸೆಹುಳಿ ಈಗ ಹಾಕಲೇಬಾರದು. ಹುಳಿ ಬಿದ್ದ ನೀರಿನಲ್ಲಿ ಬೇಳೆ ಸುಲಭದಲ್ಲಿ ಕರಗುವುದಿಲ್ಲ, ಕಾಳು ಕಾಳಾಗಿ ಉಳಿಯುತ್ತದೆ.

ಬೇಳೆ ಬೇಯುವ ಹೊತ್ತಿಗೆ ಅದರ ಪ್ಯಾಕೆಟನ್ನು ತಿರುಗಿಸಿ ನೋಡಿ. ಎಂಆರ್‌ಪಿ ಇರುವ ಜಾಗದ ಹತ್ತಿರವೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಅಂಕಿ ಉಂಟು: ಯುನಿಟ್ ಸೇಲ್ ಪ್ರೈಸ್, ಅಂದರೆ ಒಂದು ಗ್ರಾಮಿಗೆ ಅಥವಾ ಒಂದು ಕಿಲೋಗೆ ಎಷ್ಟು ಬಿತ್ತು ಅಂತ. 2011ರ ಪೊಟ್ಟಣ ಸಾಮಾನುಗಳ ನಿಯಮಗಳಿಗೆ 2021ರಲ್ಲಿ ತಿದ್ದುಪಡಿ ಬಂದಾಗ ಇದನ್ನು ಕಡ್ಡಾಯ ಮಾಡಿದರು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಕೆಲಸವೂ ಆಯಿತು. ಹಿಂದೆ ಎಣ್ಣೆ, ಹಿಟ್ಟು, ಚಹಾಪುಡಿ, ಬಿಸ್ಕೆಟ್ ಇಂಥವನ್ನು ಇಂತಿಷ್ಟೇ ತೂಕದಲ್ಲಿ ಕಟ್ಟಬೇಕು ಅಂತ ಒಂದು ಪಟ್ಟಿ ಇತ್ತು, ಅದನ್ನು ತೆಗೆದುಹಾಕಿದರು. ಈಗ 400, 450, 850, 900 ಗ್ರಾಮಿನ ಪ್ಯಾಕೆಟುಗಳು ಕಪಾಟು ತುಂಬಾ ಕಾಣುವುದು ಇದರಿಂದ. ಯಾವ ತೂಕಕ್ಕೂ ಕಟ್ಟಬಹುದು, ಆದರೆ ಗ್ರಾಮಿನ ಬೆಲೆ ಬರೆಯಬೇಕು ಅನ್ನುವುದು ಈಗಿನ ಏರ್ಪಾಡು. ಆ ಸಣ್ಣ ಅಂಕಿಯನ್ನು ಓದದಿದ್ದರೆ ಗಿರಾಕಿಗೆ ಇದರಲ್ಲಿ ಬರೀ ನಷ್ಟ.

ಆ ಅಂಕಿಯಲ್ಲೂ ಒಂದು ಸೂಕ್ಷ್ಮ ಉಂಟು, ಇದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಒಂದು ಕಿಲೋಗಿಂತ ಕಡಿಮೆ ತೂಕದ ಪ್ಯಾಕೆಟಿನಲ್ಲಿ ಗ್ರಾಮಿಗೆ ಎಷ್ಟು ಅಂತ, ಹೆಚ್ಚಿನದ್ದಾದರೆ ಕಿಲೋಗೆ ಎಷ್ಟು ಅಂತ ಬರೆಯುತ್ತಾರೆ, ಅದೂ ದಶಮಾಂಶದ ಎರಡು ಸ್ಥಾನಕ್ಕೆ ಸರಿಹೊಂದಿಸಿ. ಅರ್ಧ ಕಿಲೋ ಬೇಳೆ ಒಂದು ಕಂಪನಿಯದ್ದು 92 ರೂಪಾಯಿ, ಇನ್ನೊಂದರದ್ದು 88 ಅಂತ ಇಟ್ಟುಕೊಳ್ಳಿ. ಮೊದಲನೆಯದು ಗ್ರಾಮಿಗೆ 0.184, ಎರಡನೆಯದು 0.176. ಪ್ಯಾಕೆಟಿನ ಮೇಲೆ ಎರಡರಲ್ಲೂ ಬರುವುದು 0.18! ಕಿಲೋ ಲೆಕ್ಕಕ್ಕೆ ಬಂದರೆ 184 ಮತ್ತು 176, ಎಂಟು ರೂಪಾಯಿ ವ್ಯತ್ಯಾಸ. ಆದ್ದರಿಂದ ಯುನಿಟ್ ಬೆಲೆ ಒಂದೇ ಕಂಡಾಗ ಮೊಬೈಲ್ ತೆಗೆದು ಒಮ್ಮೆ ಭಾಗಿಸಿ: ಬೆಲೆಯನ್ನು ಗ್ರಾಮಿನಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಕಿಲೋ ಬೆಲೆ ಸಿಕ್ಕಿತು.

ಎಂಆರ್‌ಪಿ ಹೊಡೆದುಹಾಕಿ ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಬರೆದ ಬೆಲೆಯ ವಿಷಯ. ಎಂಆರ್‌ಪಿ ಅಂದರೆ ಇದಕ್ಕಿಂತ ಹೆಚ್ಚಿಗೆ ಮಾರಬಾರದು ಅನ್ನುವ ಮಿತಿ, ತೆರಿಗೆ ಎಲ್ಲ ಅದರೊಳಗೇ ಸೇರಿದೆ. ಅದು ಪೇಟೆಯ ಬೆಲೆ ಅಲ್ಲ, ಕಟ್ಟುವವರೇ ಹಾಕಿದ ಅಂಕಿ. ಬೇಳೆ, ಗೋಡಂಬಿ, ದ್ರಾಕ್ಷಿ, ಮಸಾಲೆಪುಡಿಗಳಲ್ಲಿ, ಅದರಲ್ಲೂ ದೊಡ್ಡ ಮಳಿಗೆಗಳು ತಮ್ಮದೇ ಹೆಸರಿನಲ್ಲಿ ಕಟ್ಟುವ ಪ್ಯಾಕೆಟುಗಳಲ್ಲಿ, ಎಂಆರ್‌ಪಿಯನ್ನು ಮೊದಲೇ ಏರಿಸಿ ಇಡಲಿಕ್ಕೆ ಅಡ್ಡಿಯಿಲ್ಲ. 300 ಅಂತ ಛಾಪಿಸಿ 180ಕ್ಕೆ ಕೊಟ್ಟರೆ ಶೇ. 40 ಕಡಿತ ಅಂತ ಬೋರ್ಡು ಹಾಕಬಹುದು. ಅದೇ ಬೇಳೆ ಪಕ್ಕದ ಜೀನಸಿ ಅಂಗಡಿಯ ಗೋಣಿಯಲ್ಲಿ 170ಕ್ಕೆ ಇದ್ದರೆ ಆ ಕಡಿತ ಯಾರಿಗೆ ಬೇಕು? ಹೋಲಿಸಬೇಕಾದ್ದು ಇನ್ನೊಂದು ಅಂಗಡಿಯ ಕಿಲೋ ಬೆಲೆಯನ್ನು, ಹೊಡೆದುಹಾಕಿದ ಅಂಕಿಯನ್ನಲ್ಲ. ಗೋಣಿಯ ಬೇಳೆಗೆ ಇನ್ನೊಂದು ಅನುಕೂಲವೂ ಉಂಟು. 2022ರ ಜುಲೈ 18ರಿಂದ 25 ಕಿಲೋ ತನಕದ, ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಗಳಿಗೆ ಶೇ. 5 ಜಿಎಸ್‌ಟಿ ಬಂತು. ನಿಮ್ಮೆದುರು ತೂಗಿ ಕೊಡುವ ಬಿಡಿ ಸಾಮಾನಿಗೆ ಅದಿಲ್ಲ.

ರೇಶನ್ ಕಾರ್ಡು ಇದ್ದವರು ಕೇರಳ ಸರ್ಕಾರದ ಸಪ್ಲೈಕೋ ನಡೆಸುವ ಮಾವೇಲಿ ಸ್ಟೋರನ್ನು ಮರೆಯಬೇಡಿ. ಅಕ್ಕಿ, ತೊಗರಿ, ಉದ್ದು, ಹೆಸರು, ಕಡಲೆ, ಒಣಮೆಣಸು, ಕೊತ್ತಂಬರಿ, ಸಕ್ಕರೆ, ತೆಂಗಿನೆಣ್ಣೆ ಸೇರಿ 13 ಸಾಮಾನುಗಳಿಗೆ ಅಲ್ಲಿ ಸಬ್ಸಿಡಿ ಉಂಟು. ಅದು ಕಾರ್ಡಿಗೆ ನಿಗದಿಯಾದ ಪ್ರಮಾಣಕ್ಕೆ ಮಾತ್ರ. ಅದೇ ಕಪಾಟಿನ ಬೇರೆ ಸಾಮಾನಿಗೆ ಬೇರೆ ಬೆಲೆ, ಬಿಲ್ ಹಾಕಿಸುವ ಮೊದಲು ಯಾವುದು ಸಬ್ಸಿಡಿಯದ್ದು ಅಂತ ಕೇಳಿಕೊಳ್ಳಿ.

ಈಗ ಸೌತೆಕಾಯಿ. ತರಕಾರಿ ಕತ್ತರಿಸಿದ ಮೇಲೆ ಅರ್ಧ ಕಿಲೋ ಬರಬೇಕು, ಅಂದರೆ ತರುವಾಗ ಅದಕ್ಕಿಂತ ದೊಡ್ಡ ಕಾಯಿಯೇ ಬೇಕು. ಉದ್ದಕ್ಕೆ ಸೀಳಿ, ತಿರುಳು ಬೀಜ ತೆಗೆದು, ಒಂದು ಚೂರನ್ನು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಕಾಯಿಯನ್ನು ಬಿಟ್ಟುಬಿಡಿ, ಬೆಲ್ಲದಿಂದ ಆ ಕಹಿ ಹೋಗುವುದಿಲ್ಲ. ಸಿಪ್ಪೆ ತೆಗೆಯಬೇಡಿ. ಒಂದು ಇಂಚಿನ ಹೋಳು ಮಾಡಿ, ಮುಳುಗುವಷ್ಟು ನೀರು, ಉಪ್ಪು ಹಾಕಿ ಹತ್ತು ನಿಮಿಷ ಬೇಯಿಸಿ. ಸಿಪ್ಪೆಗೆ ಚೂರಿಯ ತುದಿ ಸಲೀಸಾಗಿ ಇಳಿದ ಮೇಲೆಯೇ ಹುಣಸೆರಸ. ಮೊದಲೇ ಹಾಕಿದರೆ ಬೇಳೆಯ ಹಾಗೆಯೇ ಇದರ ಸಿಪ್ಪೆಯೂ ಗಟ್ಟಿಯಾಗಿ ನಿಲ್ಲುತ್ತದೆ. ಈ ಕಾಯಿ ಬಿಸು ಹಬ್ಬದ ಬೆಳಿಗ್ಗೆ ಮೊದಲು ನೋಡಲು ಇಡುವ ಕಣಿಗೆ ಬೇಕಾದ್ದರಿಂದ ಏಪ್ರಿಲ್ ಮಧ್ಯದಲ್ಲಿ ಬೇಡಿಕೆ ಹೆಚ್ಚು. ಗಾಯವಿಲ್ಲದ ಬಲಿತ ಕಾಯಿಯನ್ನು ಗಾಳಿಯಾಡುವ ಕಡೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಅಗ್ಗದ ಹೊತ್ತಿನಲ್ಲಿ ನಾಲ್ಕು ತಂದಿಡಬಹುದು.

ಹುಣಸೆ ನೆಲ್ಲಿಕಾಯಿ ಗಾತ್ರದ್ದು ಸಾಕು. ಬೀಜ ತೆಗೆದದ್ದಕ್ಕೆ ಕಿಲೋ ಬೆಲೆ ಹೆಚ್ಚು, ಬೀಜ ಇರುವುದಕ್ಕೆ ಕಡಿಮೆ. ಯಾವುದು ಲಾಭ ಅಂತ ಬಾಯಿಮಾತಿನಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ಬೀಜ ಇರುವುದನ್ನು 100 ಗ್ರಾಂ ತೆಗೆದು ಬೀಜ, ನಾರು ಬೇರೆ ಮಾಡಿ ತೂಗಿ. 40 ಗ್ರಾಂ ಕಸ ಬಂತು ಅಂದರೆ ಉಳಿದದ್ದು 60. ಕಿಲೋಗೆ 150 ಕೊಟ್ಟ ಹುಣಸೆ ನಿಜವಾಗಿ 250 ಬಿತ್ತು.

ತೆಂಗಿನಕಾಯಿಗೆ ಬರೋಣ, ಹುಳಿಯ ಖರ್ಚಿನಲ್ಲಿ ಇದರ ಪಾಲು ದೊಡ್ಡದು. ಇಲ್ಲಿ ಸುಲಿದ ಕಾಯಿಯನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾರೆ. ತೂಗುವ ತಟ್ಟೆಗೆ ಚಿಪ್ಪು ಮತ್ತು ನೀರು ಕೂಡ ಹತ್ತುತ್ತವೆ, ಕೈಗೆ ಸಿಗುವ ತಿರುಳು ಹೆಚ್ಚುಕಡಿಮೆ ಅರ್ಧ. ಕಿಲೋ 60 ಅಂದರೆ ತಿರುಳಿನ ಬೆಲೆ 120, ನಮಗೆ ಬೇಕಾದ 100 ಗ್ರಾಂ ತುರಿಗೆ 12 ರೂಪಾಯಿ. ಕಾಯಿ ಆರಿಸುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಭಾರ ಉಂಟು, ಸದ್ದೇ ಇಲ್ಲ ಅಂದರೆ ಒಳಗೆ ನೀರು ತುಂಬಿದೆ, ಇನ್ನೂ ಸರಿಯಾಗಿ ಬಲಿಯಲಿಲ್ಲ, ನೀವು ನೀರಿಗೆ ದುಡ್ಡು ಕೊಡುತ್ತಿದ್ದೀರಿ. ನೀರು ಕುಲುಕುವ ಸದ್ದು ಬಂದರೆ ಬಲಿತ ಕಾಯಿ, ತುರಿಯಲಿಕ್ಕೆ ಅದೇ ಒಳ್ಳೆಯದು. ಹಗುರ, ಸದ್ದೂ ಇಲ್ಲ ಅಂದರೆ ನೀರು ಬತ್ತಿದೆ, ಬಿರುಕು ಇರಬಹುದು. ಮೂರು ಕಣ್ಣಿನ ಜಾಗ ಒದ್ದೆಯಾಗಿ ಬೂಸ್ಟು ಹಿಡಿದಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಮಸಾಲೆ ಹುರಿಯುವ ಕ್ರಮ ಹೀಗೆ. ಬಾಣಲೆಗೆ ಒಂದು ಟೀ ಚಮಚ ತೆಂಗಿನೆಣ್ಣೆ, ಸಣ್ಣ ಉರಿ. ಉದ್ದಿನಬೇಳೆ ಒಂದು ಟೀ ಚಮಚ ಹಾಕಿ ಅದು ಬಣ್ಣ ತಿರುಗಲು ಶುರುವಾದಾಗ ಮೆಂತೆ ಕಾಲು ಚಮಚ, ಆಮೇಲೆ ಬ್ಯಾಡಗಿ ಮೆಣಸು ಆರು, ಕೊತ್ತಂಬರಿ ಒಂದು ದೊಡ್ಡ ಚಮಚ, ಕೊನೆಗೆ ಜೀರಿಗೆ ಅರ್ಧ ಚಮಚ ಮತ್ತು ಒಂದು ಎಸಳು ಕರಿಬೇವಿನಸೊಪ್ಪು. ಮೆಂತೆ ಕಂದು ದಾಟಿ ಕಪ್ಪಾದರೆ ಇಡೀ ಹುಳಿ ಕಹಿ. ಆಗ ಸರಿಪಡಿಸಲು ಹೋಗದೆ ಆ ಮಸಾಲೆಯನ್ನೇ ಚೆಲ್ಲಿ ಹೊಸದಾಗಿ ಹುರಿಯುವುದು ಒಳ್ಳೆಯದು. ಹುರಿದದ್ದು ಪೂರ್ತಿ ತಣಿಯಬೇಕು. ಬಿಸಿ ಇರುವಾಗಲೇ ಕಾಯಿತುರಿ ಸೇರಿಸಿ ಮಿಕ್ಸಿಗೆ ಹಾಕಿದರೆ ಕಾಯಿಯ ಎಣ್ಣೆ ಬಿಟ್ಟು ಜಿಡ್ಡಾಗುತ್ತದೆ, ನುಣ್ಣಗೆ ಆಗುವುದಿಲ್ಲ. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಅರೆಯಿರಿ.

ಇಂಗು ಬಳಸುವವರಿಗೆ ಒಂದು ಮಾತು. ಡಬ್ಬಿಯಲ್ಲಿ ಬರುವುದು ಶುದ್ಧ ಇಂಗಲ್ಲ, ಹಿಟ್ಟು ಮತ್ತು ಅಂಟು ಸೇರಿಸಿದ ಇಂಗು. ಎರಡು ಡಬ್ಬಿಗಳ ಗ್ರಾಂ ಬೆಲೆ ಹೋಲಿಸಿದರೆ ಹಿಟ್ಟಿನ ಬೆಲೆ ಹೋಲಿಸಿದ ಹಾಗೆ ಆಗಬಹುದು. ಚಿಟಿಕೆ ಹಾಕಿದಾಗ ಪರಿಮಳ ಎಷ್ಟು ಅನ್ನುವುದೇ ಅಲ್ಲಿ ಅಳತೆ.

ಬೆಂದ ಬೇಳೆ, ಸೌತೆ ಹೋಳು, ಅರೆದ ಮಸಾಲೆ, ಅಡಿಕೆ ಗಾತ್ರದ ಬೆಲ್ಲ, ಎಲ್ಲ ಸೇರಿಸಿ ಐದಾರು ನಿಮಿಷ ಕುದಿಸಿ. ತಳ ಹಿಡಿಯುವುದು ಈ ಹೊತ್ತಿನಲ್ಲೇ, ಸೌಟು ಆಡಿಸುತ್ತಿರಿ.

ಕುದಿಯುವಷ್ಟರಲ್ಲಿ ಆಫರುಗಳ ಲೆಕ್ಕ ಹೇಳಿಬಿಡುತ್ತೇನೆ. ಶೇ. 20 ಹೆಚ್ಚುವರಿ ಅಂದರೆ 100 ಗ್ರಾಮಿನ ಬೆಲೆಗೆ 120 ಗ್ರಾಂ; ಅದು ಶೇ. 20 ಕಡಿತ ಅಲ್ಲ, 16.7 ಮಾತ್ರ. ಶೇ. 50 ಹೆಚ್ಚುವರಿ ಮತ್ತು ಎರಡು ಕೊಂಡರೆ ಒಂದು ಉಚಿತ, ಎರಡೂ ಒಂದೇ, 33.3. ಎರಡನೆಯದಕ್ಕೆ ಅರ್ಧ ಬೆಲೆ ಅನ್ನುವುದು ಕೇಳಲಿಕ್ಕೆ ದೊಡ್ಡದು, ಲೆಕ್ಕಕ್ಕೆ ಬರೀ 25. ಐದು ಹತ್ತು ರೂಪಾಯಿಯ ಪೊಟ್ಟಣಗಳಲ್ಲಿ ಬೆಲೆ ಏರುವುದಿಲ್ಲ, ಒಳಗಿನ ಗ್ರಾಂ ಇಳಿಯುತ್ತದೆ. ಹಳೆಯ ಪೊಟ್ಟಣ ಮನೆಯಲ್ಲಿದ್ದರೆ ಹೊಸದರ ಪಕ್ಕ ಇಟ್ಟು ತೂಕದ ಸಾಲನ್ನು ಓದಿ.

ಆ್ಯಪ್‌ನಲ್ಲಿ ತರಿಸುವವರು ಸಾಮಾನಿನ ಬೆಲೆ ನೋಡಿ ನಿಲ್ಲಬಾರದು. ಹ್ಯಾಂಡ್ಲಿಂಗ್, ಡೆಲಿವರಿ, ಪ್ಯಾಕಿಂಗ್ ಅಂತ ಕೊನೆಯ ಪುಟದಲ್ಲಿ ಸೇರುವ ಹಣವನ್ನೂ ಕೂಡಿಸಿ ಕಿಲೋ ಬೆಲೆ ತೆಗೆಯಿರಿ. ಹೀಗೆ ಕೊನೆಯಲ್ಲಿ ಖರ್ಚು ತೋರಿಸುವುದನ್ನೂ, ಕೇಳದೆ ಬುಟ್ಟಿಗೆ ಏನಾದರೂ ಸೇರಿಸುವುದನ್ನೂ ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಗಳ ಪಟ್ಟಿಗೆ ಹಾಕಿದ್ದಾರೆ.

ಇನ್ನು ಒಗ್ಗರಣೆ, ಅದಕ್ಕೆ ಎಣ್ಣೆ. ಎಣ್ಣೆಯ ಬೆಲೆಯಷ್ಟು ಗೊಂದಲ ಬೇರೆ ಯಾವುದರಲ್ಲೂ ಇಲ್ಲ, ಯಾಕೆಂದರೆ ಒಬ್ಬರು ಲೀಟರಿನಲ್ಲಿ ಮಾರುತ್ತಾರೆ, ಇನ್ನೊಬ್ಬರು ಕಿಲೋದಲ್ಲಿ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ತೆಂಗಿನೆಣ್ಣೆ ತೂಗಿದರೆ ಸುಮಾರು 915 ಗ್ರಾಂ. ಮಿಲ್ಲಿನಲ್ಲಿ ಕಿಲೋ 400, ಪ್ಯಾಕೆಟಿನಲ್ಲಿ ಲೀಟರ್ 380 ಅಂತ ಇದ್ದರೆ ಪ್ಯಾಕೆಟ್ ಅಗ್ಗ ಅನಿಸುತ್ತದೆ. 380ನ್ನು 0.915ರಿಂದ ಭಾಗಿಸಿ: ಕಿಲೋಗೆ 415. ಮಿಲ್ಲಿನದ್ದೇ ಅಗ್ಗ. ಸೂರ್ಯಕಾಂತಿ ಎಣ್ಣೆಯಲ್ಲಿ ಒಂದು ಪ್ಯಾಕೆಟ್ 1 ಲೀಟರ್, ಅಂದರೆ 910 ಗ್ರಾಂ, 150 ರೂಪಾಯಿ. ಪಕ್ಕದ್ದು ಅದೇ ಎತ್ತರ, ಅದೇ ಅಗಲ, 140 ರೂಪಾಯಿ, ಒಳಗೆ 850 ಗ್ರಾಂ. 100 ಗ್ರಾಮಿಗೆ ಎರಡೂ 16 ರೂಪಾಯಿ 48 ಪೈಸೆಯ ಆಸುಪಾಸು. ಹತ್ತು ರೂಪಾಯಿ ಉಳಿಯಿತು ಅಂದುಕೊಂಡದ್ದು ಉಳಿಯಲೇ ಇಲ್ಲ. 145 ಆಗಿದ್ದರೆ ಸಣ್ಣದೇ ದುಬಾರಿ.

ತೆಂಗಿನೆಣ್ಣೆಯ ಕಪಾಟಿನಲ್ಲಿ ತೆಂಗಿನಮರದ ಚಿತ್ರ ನೋಡಿ ಪ್ಯಾಕೆಟ್ ಎತ್ತಬೇಡಿ. ಬೆಲೆ ಬಹಳ ಕಡಿಮೆ ಕಂಡರೆ ಪ್ಯಾಕೆಟಿನ ಮೇಲೆ ಮಲ್ಟಿ ಸೋರ್ಸ್ ಎಡಿಬಲ್ ಆಯಿಲ್ ಅಂತಲೋ ಬ್ಲೆಂಡೆಡ್ ಎಡಿಬಲ್ ವೆಜಿಟೆಬಲ್ ಆಯಿಲ್ ಅಂತಲೋ ಬರೆದಿದೆಯೋ ನೋಡಿ. ಅದು ಎರಡು ಎಣ್ಣೆ ಬೆರೆಸಿದ್ದು, ಎರಡರ ಪಾಲು ಎಷ್ಟೆಷ್ಟು ಅಂತ ಬರೆದಿರಲೇಬೇಕು, ಬಿಡಿಯಾಗಿ ಮಾರುವಂತಿಲ್ಲ. ಫ್ರಿಜ್ಜಿನಲ್ಲಿ ಇಟ್ಟಾಗ ಗಟ್ಟಿಯಾದರೆ ಶುದ್ಧ ಅನ್ನುವ ಪರೀಕ್ಷೆಯನ್ನು ನಂಬಬೇಡಿ. ತಾಳೆಬೀಜದ ಎಣ್ಣೆಯೂ ಅದೇ ರೀತಿ ಗಟ್ಟಿಯಾಗುತ್ತದೆ, ಅದರ ಕೊಬ್ಬಿನ ಸ್ವಭಾವ ತೆಂಗಿನೆಣ್ಣೆಗೆ ತುಂಬಾ ಹತ್ತಿರ.

ಒಗ್ಗರಣೆಗೆ ಎರಡು ಟೀ ಚಮಚ ಎಣ್ಣೆ, ಸಾಸಿವೆ, ಒಂದು ಒಣಮೆಣಸು, ಕರಿಬೇವಿನಸೊಪ್ಪು. ಸಾಸಿವೆ ಪೂರ್ತಿ ಸಿಡಿದ ಮೇಲೆ ಕರಿಬೇವು ಹಾಕಿ, ಹುಳಿಗೆ ಸುರಿದು ಕೂಡಲೇ ಮುಚ್ಚಿ.

ಬಿಡಿ ಸಾಮಾನು ತೂಗಿಸುವಾಗ ತಟ್ಟೆ ಖಾಲಿ ಇದ್ದಾಗ ಸೊನ್ನೆ ತೋರಿಸಬೇಕು. ಬೇಕರಿಯಲ್ಲಿ ಹಲ್ವ, ಚಿಪ್ಸ್ ತೆಗೆಯುವಾಗ ಪೆಟ್ಟಿಗೆಯ ತೂಕ ಕಳೆದು ತೂಗಲು ಹೇಳಿ. ಇಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು, ಅದರ ಸರ್ಟಿಫಿಕೇಟು ಅಂಗಡಿಯಲ್ಲಿ ಕಾಣುವ ಹಾಗೆ ಇರಬೇಕು. ಕಪಾಟಿನ ಚೀಟಿಯ ಬೆಲೆಗೂ ಬಿಲ್ಲಿಗೂ ತಾಳೆಯಾಗದಿದ್ದರೆ ಕೌಂಟರಿನಲ್ಲೇ ಹೇಳಿ, ಹೊರಗೆ ಬಂದ ಮೇಲೆ ಸಾಧಿಸುವುದು ಕಷ್ಟ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡರೆ ಬಿಲ್ಲು ಮತ್ತು ಪ್ಯಾಕೆಟಿನ ಬೆಲೆ ಇರುವ ಬದಿ, ಎರಡರದ್ದೂ ಫೋಟೋ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ತಲಪಾಡಿಯ ಗಡಿ ದಾಟಿ ಮಂಗಳೂರಿನಲ್ಲಿ ತಂದ ಸಾಮಾನಿಗೂ ಇದೇ ನಂಬರು.