ಕಾಗದ ಓದಿದ್ದಕ್ಕೆ ನಾಲ್ಕು ವರ್ಷ

ನಮಸ್ಕಾರ. ಇವತ್ತಿಗೆ ಬೇರೆಯೇ ವಿಷಯ ಸಿದ್ಧಮಾಡಿಕೊಂಡಿದ್ದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕಳೆದ ಸಂಚಿಕೆಗೆ ಬಂದ ಪ್ರತಿಕ್ರಿಯೆಗಳನ್ನು ಓದುತ್ತಿದ್ದೆ. ಸೋವಿಯತ್ ಕಾಲದಲ್ಲಿ ಜೈಲು ಕಂಡ ರಷ್ಯಾದ ಚರಿತ್ರೆಕಾರ ಅರ್ಸೇನಿ ರೊಗಿನ್ಸ್ಕಿಯ ಬಗ್ಗೆ ನಾನು ಹೇಳಿದ ಎರಡು ಮಾತಿಗೆ ಒಬ್ಬರು ಬರೆದಿದ್ದಾರೆ: "ನಕಲಿ ಪತ್ರ ತೋರಿಸಿದವನನ್ನು ಜೈಲಿಗೆ ಹಾಕದೆ ಸನ್ಮಾನ ಮಾಡಬೇಕಿತ್ತೇ? ಕಾನೂನು ಎಂದರೆ ಕಾನೂನು." ಕಾಫಿ ಆರಿಹೋಯಿತು. ಸಿದ್ಧಮಾಡಿದ ವಿಷಯವನ್ನು ಪಕ್ಕಕ್ಕಿಟ್ಟೆ.

ಸ್ವಾಮಿ, ಆ ಪತ್ರ ಏತಕ್ಕೆ ಬೇಕಾಗಿತ್ತು ಗೊತ್ತೇ? ಬ್ಯಾಂಕಿನಲ್ಲಿ ಸಾಲ ಎತ್ತುವುದಕ್ಕಲ್ಲ. ಯಾರದೋ ನಿವೇಶನ ಹೊಡೆಯುವುದಕ್ಕಲ್ಲ. ಹಳೆಯ ಕಾಗದ ಓದುವುದಕ್ಕೆ!

ರೊಗಿನ್ಸ್ಕಿ ಹುಟ್ಟಿದ್ದು 1946ರಲ್ಲಿ, ರಷ್ಯಾದ ಉತ್ತರದ ವೇಲ್ಸ್ಕ್ ಎಂಬ ಊರಿನಲ್ಲಿ. ಅದು ಅವರ ಮನೆತನದ ಊರಲ್ಲ. ತಂದೆ ಲೆನಿನ್‌ಗ್ರಾಡಿನ ಎಂಜಿನಿಯರ್. 1938ರಲ್ಲಿ, ಸ್ಟಾಲಿನ್ ಕಾಲದ ದಮನದಲ್ಲಿ, ಅವರನ್ನು ಬಂಧಿಸಿದ್ದರು. ಕೈದಿಗಳ ದುಡಿಮೆ ಶಿಬಿರ, ವೇಲ್ಸ್ಕ್‌ಗೆ ಗಡೀಪಾರು, ಮತ್ತೆ ಬಂಧನ. 1951ರಲ್ಲಿ ಅವರು ಜೈಲಿನಲ್ಲೇ ತೀರಿಕೊಂಡರು. ಆಗ ಮಗನಿಗೆ ಐದು ವರ್ಷ. ಆ ಹುಡುಗ ಬೆಳೆದು ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಹೆಸರಾಂತ ಸಾಹಿತ್ಯ ವಿದ್ವಾಂಸ ಯೂರಿ ಲೋಟ್ಮನ್ ಅವರ ಬಳಿ ಓದಿದ, ಲೆನಿನ್‌ಗ್ರಾಡಿನ ಸಂಜೆ ಶಾಲೆಯಲ್ಲಿ ಸಾಹಿತ್ಯ ಪಾಠ ಮಾಡಿದ, ಗೆಳೆಯರ ಜೊತೆ ಸೇರಿ ಸರ್ಕಾರ ಮುಚ್ಚಿಟ್ಟ ಚರಿತ್ರೆಯನ್ನು ಗುಟ್ಟಾಗಿ ಸಂಗ್ರಹಿಸಿ ಸಂಪುಟಗಳಾಗಿ ಜೋಡಿಸಿದ. "ಪಾಮ್ಯಾತ್" ಎಂದು ಅದರ ಹೆಸರು, ನೆನಪು ಎಂದರ್ಥ. 1976ರಿಂದ 1981ರವರೆಗೆ ಐದು ಸಂಪುಟ. ದೇಶದೊಳಗೆ ಅಚ್ಚು ಹಾಕುವ ಹಾಗಿರಲಿಲ್ಲ. ಹಸ್ತಪ್ರತಿ ಗಡಿ ದಾಟಿ ಹೋಗಿ ಹೊರಗೆ ಪುಸ್ತಕವಾಗುತ್ತಿತ್ತು.

ಈಗ ಪತ್ರದ ವಿಷಯಕ್ಕೆ ಬರುತ್ತೇನೆ. ಹಳೆಯ ದಾಖಲೆ ನೋಡಲು ಯಾವುದಾದರೂ ಸಂಸ್ಥೆಯ ಶಿಫಾರಸು ಪತ್ರ ಬೇಕಿತ್ತು. ಪತ್ರಕ್ಕೆ ಸಂಸ್ಥೆ ಬೇಕು. ಸಂಸ್ಥೆಯೊಳಗೆ ಕಾಲಿಡಲು ಸರ್ಕಾರದ ಕೃಪೆ ಬೇಕು. ಆ ಸರ್ಕಾರವೇ ಕೊಂದವರ ಕಥೆ ಬರೆಯಲು ಹೊರಟವನಿಗೆ ಆ ಕೃಪೆ ಯಾವ ಜನ್ಮದಲ್ಲಿ ಸಿಗಬೇಕು? 1981ರ ಆಗಸ್ಟ್‌ನಲ್ಲಿ ಬಂಧಿಸಿದರು. ಆರೋಪಪಟ್ಟಿಯಲ್ಲಿ ರಾಜದ್ರೋಹವೂ ಇಲ್ಲ, ಸರ್ಕಾರದ ವಿರುದ್ಧ ಪ್ರಚಾರವೂ ಇಲ್ಲ. ಗ್ರಂಥಾಲಯಕ್ಕೆ ಕೊಟ್ಟ ಶಿಫಾರಸು ಪತ್ರಗಳು ನಕಲಿ, ಅಷ್ಟೇ. ನಾಲ್ಕು ವರ್ಷ! ಕಳ್ಳರು, ಕೊಲೆಗಡುಕರ ಜೊತೆ ಶಿಬಿರದಿಂದ ಶಿಬಿರಕ್ಕೆ. ಕಾಗದ ಓದಿದ್ದಕ್ಕೆ ನಾಲ್ಕು ವರ್ಷ.

"ಎಲ್ಲ ದೇಶದ ದಾಖಲೆಗೃಹಗಳಿಗೂ ನಿಯಮ ಇರುತ್ತದಲ್ಲ" ಎಂದು ಇನ್ನೊಬ್ಬರು ಅದೇ ಪ್ರತಿಕ್ರಿಯೆಯ ಕೆಳಗೆ ತಾಳ ಹಾಕಿದ್ದಾರೆ. ಇರುತ್ತದೆ. ಪೆನ್ಸಿಲ್ ಮಾತ್ರ ತನ್ನಿ, ಕೈ ತೊಳೆದು ಮುಟ್ಟಿ, ಇವು ನಿಯಮ. ನಿನ್ನ ಅಪ್ಪ ಹೇಗೆ ಸತ್ತ ಎಂದು ಕೇಳಬೇಡ ಎನ್ನುವುದು ನಿಯಮವೇ? ನಾನೂ ಮುತ್ತಜ್ಜನ ಜಮೀನಿನ ಕಡತ ಹುಡುಕಿಕೊಂಡು ಒಂದು ಕಚೇರಿಗೆ ಮೂರು ಸಲ ಅಲೆದವನು. ಧೂಳು ಕುಡಿದೆ, ಬೈಸಿಕೊಂಡೆ, ಕೊನೆಗೆ ಕಡತದ ಗಂಟು ಬಿಚ್ಚಿಸಿದೆ. ಯಾರೂ ನನಗೆ ಕೋಳ ತೊಡಿಸಲಿಲ್ಲ. ಅಲೆದಾಟಕ್ಕೂ ಸೆರೆವಾಸಕ್ಕೂ ವ್ಯತ್ಯಾಸ ಕಾಣದವರಿಗೆ ನಾನು ಏನೆಂದು ಉತ್ತರ ಕೊಡಲಿ?

ನಡುವೆ ಒಂದು ಮಾತು. ಈ ವಾಹಿನಿಗೆ ಇನ್ನೂ ಚಂದಾದಾರರಾಗದವರು ದಯವಿಟ್ಟು ಆಗಿ, ಗಂಟೆಯ ಗುರುತನ್ನೂ ಒತ್ತಿ. ಇಂಥ ವಿಷಯ ಮಾತನಾಡುವವರು ಕಡಿಮೆ. ನಿಮ್ಮ ಬೆಂಬಲ ನನಗೆ ನಿಜವಾಗಿಯೂ ಬೇಕು.

ಬಂಧನಕ್ಕೆ ಮೊದಲೇ, ದೇಶ ಬಿಟ್ಟು ಹೋಗು ಎಂಬ ಸೂಚನೆ ಅವರಿಗೆ ಸಿಕ್ಕಿತ್ತು. ಹೋಗಬಹುದಿತ್ತು. ಹೋಗಲಿಲ್ಲ. ನ್ಯಾಯಾಲಯದಲ್ಲಿ ಕೊನೆಯ ಮಾತಿಗೆ ಅವಕಾಶ ಕೊಟ್ಟಾಗ ಕರುಣೆ ತೋರಿ ಎಂದು ಬೇಡಲೂ ಇಲ್ಲ. ಸೋವಿಯತ್ ದೇಶದಲ್ಲಿ ಚರಿತ್ರೆಕಾರನ ಸ್ಥಿತಿ ಏನು ಎಂಬ ವಿಷಯದ ಮೇಲೆ ಮಾತನಾಡಿದರು. ಕಟಕಟೆಯಲ್ಲಿ ನಿಂತು ಉಪನ್ಯಾಸ! ಅದನ್ನು ನೆನೆದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

1985ರಲ್ಲಿ ಹೊರಬಂದ ಮೇಲೆ ಮಾಡಿದ್ದೇನು? ಮತ್ತೆ ಕಾಗದ ಓದಿದರು. "ಮೆಮೋರಿಯಲ್" ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದರು, ಮುಂದೆ ಅದರ ಅಧ್ಯಕ್ಷರೂ ಆದರು. ಸೋವಿಯತ್ ಸರ್ಕಾರದ ದಮನಕ್ಕೆ ಸಿಕ್ಕಿದವರ ಹೆಸರುಗಳ ಪಟ್ಟಿ ಅಲ್ಲಿ ಬೆಳೆಯುತ್ತಾ ಹೋಗಿ 30 ಲಕ್ಷ ದಾಟಿತು. 2007ರಿಂದ ಪ್ರತಿವರ್ಷ ಅಕ್ಟೋಬರ್ 29ರಂದು ಮಾಸ್ಕೋದಲ್ಲಿ, ಸೋವಿಯತ್ ಗುಪ್ತ ಪೊಲೀಸ್ ಪಡೆ ಕೆಜಿಬಿಯ ಹಳೆಯ ಕಟ್ಟಡದ ಎದುರು, ದಮನಕ್ಕೆ ಬಲಿಯಾದವರ ಸ್ಮಾರಕವಾದ ಸೊಲೊವೆತ್ಸ್ಕಿ ಕಲ್ಲಿನ ಬಳಿ ಜನ ಸಾಲು ನಿಲ್ಲುತ್ತಿದ್ದರು. ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ. ಒಬ್ಬೊಬ್ಬರೂ ಮೈಕಿನ ಮುಂದೆ ಬಂದು ಓದುವುದು ಇಷ್ಟೇ: ಬಲಿಯಾದವರ ಹೆಸರು, ವಯಸ್ಸು, ಕಸುಬು, ಗುಂಡಿಕ್ಕಿದ ದಿನ. ಘೋಷಣೆ ಇಲ್ಲ, ಭಾಷಣ ಇಲ್ಲ. ಬಡಗಿ, ಲೆಕ್ಕಿಗ, ಕಾವಲುಗಾರ. ಓದುವುದು, ಅಷ್ಟೇ!

ಅದನ್ನೂ ಸಹಿಸಲಿಲ್ಲ. ರೊಗಿನ್ಸ್ಕಿ 2017ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ನಾಲ್ಕು ವರ್ಷ ಕಳೆದು, 2021ರ ಡಿಸೆಂಬರ್ 28ರಂದು ರಷ್ಯಾದ ಸುಪ್ರೀಂ ಕೋರ್ಟ್ "ಮೆಮೋರಿಯಲ್" ಅನ್ನು ಮುಚ್ಚಲು ಆದೇಶಿಸಿತು. ಕಾರಣ ಕೇಳಿ: ಸರ್ಕಾರ ಅದಕ್ಕೆ ಕೊಟ್ಟಿದ್ದ "ವಿದೇಶಿ ಏಜೆಂಟ್" ಎಂಬ ಹಣೆಪಟ್ಟಿಯನ್ನು ತನ್ನ ಪ್ರಕಟಣೆಗಳ ಮೇಲೆ ಸರಿಯಾಗಿ ಹಚ್ಚಲಿಲ್ಲವಂತೆ. ಆಗ ಪತ್ರ ಸರಿಯಿಲ್ಲ, ಈಗ ಹಣೆಪಟ್ಟಿ ಸರಿಯಿಲ್ಲ. ಮರುವರ್ಷ ಆ ಸಂಸ್ಥೆಗೆ ನೊಬೆಲ್ ಶಾಂತಿ ಪ್ರಶಸ್ತಿಯ ಪಾಲು ಸಿಕ್ಕಿತು. ಪ್ರಶಸ್ತಿ ಘೋಷಣೆಯಾದ ದಿನವೇ ಮಾಸ್ಕೋದ ನ್ಯಾಯಾಲಯವೊಂದು ಅದರ ಕಚೇರಿಯನ್ನು ಕಿತ್ತುಕೊಂಡಿತು. ಅದೇ ದಿನ!

ಕಾನೂನು ಎಂದರೆ ಕಾನೂನು ಎಂದಿರಲ್ಲ ಸ್ವಾಮಿ, ಗುಂಡು ಹೊಡೆದವರ ಮೇಲೆ ಅದು ಎಲ್ಲಿ ಹೋಗಿತ್ತು? ಓದಿದವನ ಹತ್ತಿರ ಮಾತ್ರ ಪತ್ರ ಕೇಳುವುದೇ? ಇನ್ನೇನೋ ಹೇಳಬೇಕೆಂದು ಬರೆದುಕೊಂಡಿದ್ದೆ, ಬೇಡ. ನಾಲ್ಕು ವರ್ಷ, ಕಾಗದ ಓದಿದ್ದಕ್ಕೆ! ನಿಮ್ಮ ಪ್ರತಿಕ್ರಿಯೆಯನ್ನು ಅಳಿಸುವುದಿಲ್ಲ, ಎಲ್ಲರಿಗಿಂತ ಮೇಲೆ ಕಾಣುವಂತೆ ಇಟ್ಟಿದ್ದೇನೆ. ಉತ್ತರ ಬರೆಯಿರಿ, ಕಾಯುತ್ತೇನೆ. ಉಳಿದವರು ನಿಮ್ಮ ಮನೆಯ ಹಿರಿಯರ ಹಳೆಯ ಕಾಗದಪತ್ರಗಳಿದ್ದರೆ ಚಿತ್ರ ತೆಗೆದು ಕಳಿಸಿ. ಮುಂದಿನ ವಾರ ಅವುಗಳನ್ನು ಇಲ್ಲಿ ಓದುತ್ತೇನೆ, ಹೆಸರು ಹೇಳಿ, ಗಟ್ಟಿಯಾಗಿ.