ಕೀಟನಾಶಕಕ್ಕೆ ಮಾತ್ರೆ ಅಡ್ಡ ನಿಲ್ಲಲ್ಲ

ಬೆಳೆಗೆ ಕೀಟನಾಶಕ ಸಿಂಪಡಿಸೋದನ್ನ ಕನ್ನಡದಲ್ಲಿ "ಔಷಧಿ ಹೊಡೆಯೋದು" ಅಂತೀವಿ. ಆ ಮಾತಿನಲ್ಲೇ ಅರ್ಧ ಅಪಾಯ ಮರೆಯಾಗಿಬಿಡುತ್ತೆ. ಡಬ್ಬಿಯಲ್ಲಿರೋದು ವಿಷ, ಅದು ಗಂಡಸಿನ ವೃಷಣದವರೆಗೂ ಹೋಗುತ್ತೆ. ಹಾಗೆ ಹೋದ ವಿಷಕ್ಕೆ ಗಿಡಮೂಲದ ಆಂಟಿಆಕ್ಸಿಡೆಂಟ್ (ಜೀವಕೋಶ ಕೆಡಿಸೋ ಚುರುಕಾದ ಆಕ್ಸಿಜನ್ ಕಣಗಳನ್ನ ತಡೆಯೋ ವಸ್ತು) ಮಾತ್ರೆ ನುಂಗಿದರೆ ಸಾಕು ಅನ್ನೋ ಪ್ರಚಾರ ಜೋರಾಗಿದೆ. ಸಾಲೋದಿಲ್ಲ. ಮೊದಲು ವಿಷ ಮೈಗೆ ಬರೋ ದಾರಿ ಮುಚ್ಚಬೇಕು, ಆಮೇಲೆ ಊಟ ನೋಡಿಕೊಳ್ಳಬೇಕು, ಮಾತ್ರೆಯ ಮಾತು ಎಲ್ಲಕ್ಕಿಂತ ಕೊನೆಗೆ.

1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲ್ಯಾಥ್ರಾಪ್‌ನಲ್ಲಿ ಒಂದು ಕಾರ್ಖಾನೆಯ ಕೆಲಸಗಾರರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಾಗ ಒಂದು ವಿಷಯ ಹೊರಬಿತ್ತು: ಡಿಬಿಸಿಪಿ ತಯಾರಿಸೋ ಗಂಡಸರಿಗೆ ಮಕ್ಕಳಾಗ್ತಿಲ್ಲ. ವೀರ್ಯ ಪರೀಕ್ಷೆ ಮಾಡಿಸಿದರೆ ಕೆಲವರಲ್ಲಿ ಒಂದೇ ಒಂದು ವೀರ್ಯಾಣುವೂ ಇರಲಿಲ್ಲ. ಡಿಬಿಸಿಪಿ ಅಂದ್ರೆ ಬೇರಿಗೆ ಬೀಳೋ ನೆಮಟೋಡ್ ಹುಳುಗಳನ್ನ ಕೊಲ್ಲೋಕೆ ಮಣ್ಣಿಗೆ ಹಾಕ್ತಿದ್ದ ರಾಸಾಯನಿಕ. ಇಲಿಗಳಲ್ಲಿ ಅದು ವೃಷಣವನ್ನ ಕುಗ್ಗಿಸುತ್ತೆ ಅಂತ 1961ರಲ್ಲೇ ಪ್ರಕಟವಾಗಿತ್ತು. ಆದರೂ 16 ವರ್ಷ ಕೆಲಸ ಹಾಗೇ ನಡೀತು. ಕೆಲಸ ಬಿಟ್ಟ ಮೇಲೆ ಕೆಲವರು ಚೇತರಿಸಿಕೊಂಡರು. ವೀರ್ಯಾಣು ಹುಟ್ಟಿಸೋ ಮೂಲಕೋಶಗಳೇ ಸತ್ತಿದ್ದವರು ಚೇತರಿಸಿಕೊಳ್ಳಲಿಲ್ಲ. ಬಿತ್ತನೆ ಬೀಜವೇ ಸುಟ್ಟುಹೋದ ಮೇಲೆ ಎಷ್ಟು ನೀರು ಹಾಯಿಸಿದರೇನು?

ಎಲ್ಲ ಕೀಟನಾಶಕಗಳೂ ಅಷ್ಟು ಘೋರವಲ್ಲ. ಕ್ಲೋರ್‌ಪೈರಿಫಾಸ್, ಮ್ಯಾಲಥಿಯಾನ್‌ನಂಥ ಆರ್ಗನೋಫಾಸ್ಫೇಟ್‌ಗಳು, ಸೈಪರ್‌ಮೆಥ್ರಿನ್‌ನಂಥ ಪೈರಿಥ್ರಾಯ್ಡ್‌ಗಳು ನಿಧಾನವಾಗಿ ಕಾಡೋ ಜಾತಿ. ಅವು ಜೀವಕೋಶದಲ್ಲಿ ಚುರುಕಾದ ಆಕ್ಸಿಜನ್ ಕಣಗಳನ್ನ ಹೆಚ್ಚಿಸುತ್ತವೆ. ವೀರ್ಯಾಣುವಿನ ಪೊರೆಯಲ್ಲಿ ಬಹು ಅಸಂತೃಪ್ತ ಕೊಬ್ಬು ತುಂಬಿದೆ. ಪೊರೆ ಬಳುಕಬೇಕಾದರೆ ಆ ಕೊಬ್ಬು ಬೇಕು, ಆದರೆ ಹಳೇ ಎಣ್ಣೆ ಕಮಟು ಹಿಡಿದ ಹಾಗೆ ಅದೇ ಬೇಗ ಕೆಡುತ್ತೆ. ಮಿಕ್ಕ ಕೋಶಗಳಿಗೆ ಕೋಶರಸದಲ್ಲಿ ರಕ್ಷಕ ಕಿಣ್ವಗಳಿರ್ತವೆ. ವೀರ್ಯಾಣು ಪಕ್ವವಾಗುವಾಗ ತನ್ನ ಕೋಶರಸವನ್ನ ಬಹುಪಾಲು ಕಳಚಿಟ್ಟು ಬರುತ್ತೆ, ಹಾಗಾಗಿ ಅದಕ್ಕೆ ಸ್ವಂತ ರಕ್ಷಣೆ ತೀರಾ ಕಡಿಮೆ. ಆಂಟಿಆಕ್ಸಿಡೆಂಟ್ ವಾದ ಇಲ್ಲಿಯವರೆಗೆ ಸರಿಯಾಗಿಯೇ ಇದೆ.

ಆದರೆ ವಿಷಕ್ಕೆ ಇದೊಂದೇ ದಾರಿಯಲ್ಲ. ಡಿಡಿಟಿ ಒಡೆದಾಗ ಬರೋ ಡಿಡಿಇ, ವಿನ್‌ಕ್ಲೋಝೋಲಿನ್ ಅನ್ನೋ ಶಿಲೀಂಧ್ರನಾಶಕ, ಇವು ಗಂಡು ಹಾರ್ಮೋನು ಕೂರಬೇಕಾದ ಜಾಗದಲ್ಲಿ ತಾವೇ ಹೋಗಿ ಕೂರುತ್ತವೆ. ಹಾಗೆ ಕೂತದ್ದನ್ನ ಯಾವ ಆಂಟಿಆಕ್ಸಿಡೆಂಟ್ ಎಬ್ಬಿಸುತ್ತೆ?

ಈಗ ಇಲಿ ಪ್ರಯೋಗಗಳಿಗೆ ಬರೋಣ. ಇಲಿಗೆ ಮ್ಯಾಲಥಿಯಾನ್ ಕೊಡ್ತಾರೆ, ಜೊತೆಗೇ ಅಥವಾ ಸ್ವಲ್ಪ ಮೊದಲೇ ಈರುಳ್ಳಿಯಲ್ಲಿರೋ ಕ್ವೆರ್ಸೆಟಿನ್ ಅಥವಾ ಅರಿಶಿನದಲ್ಲಿರೋ ಕರ್ಕ್ಯುಮಿನ್ ಅನ್ನೋ ಆಂಟಿಆಕ್ಸಿಡೆಂಟ್ ಕೊಡ್ತಾರೆ, ವೀರ್ಯಾಣು ಕಡಿಮೆ ಹಾಳಾಗುತ್ತೆ. ಫಲಿತಾಂಶ ನಿಜ. ಪ್ರಮಾಣ ನೋಡಿ. ಇಂಥ ಪ್ರಯೋಗದಲ್ಲಿ ಸಾಮಾನ್ಯವಾಗಿ ಕಾಣೋದು ಕೆಜಿ ತೂಕಕ್ಕೆ 50 ಮಿಲಿಗ್ರಾಂ ಕ್ವೆರ್ಸೆಟಿನ್. ಇಲಿಯ ಲೆಕ್ಕವನ್ನ ಮನುಷ್ಯನಿಗೆ ತರೋಕೆ ಸುಮಾರು 6.2ರಿಂದ ಭಾಗಿಸ್ತಾರೆ, 60 ಕೆಜಿ ಗಂಡಸಿಗೆ ದಿನಕ್ಕೆ ಹೆಚ್ಚುಕಡಿಮೆ 480 ಮಿಲಿಗ್ರಾಂ. 100 ಗ್ರಾಂ ಈರುಳ್ಳಿಯಲ್ಲಿರೋದು 20ರಿಂದ 40 ಮಿಲಿಗ್ರಾಂ. ಅಂದ್ರೆ ದಿನಾ ಒಂದೂವರೆ ಕೆಜಿ ಈರುಳ್ಳಿ! ಕರ್ಕ್ಯುಮಿನ್ ಕೆಜಿಗೆ 100 ಮಿಲಿಗ್ರಾಂ ಅಂದ್ರೆ ಅದೇ ಗಂಡಸಿಗೆ ಒಂದು ಗ್ರಾಂ ಹತ್ತಿರ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರೋದು ಸುಮಾರು 3 ಶೇಕಡ, ಹಾಗಾದರೆ ದಿನಕ್ಕೆ 32 ಗ್ರಾಂ ಪುಡಿ. ಅಷ್ಟು ತಿಂದರೂ ರಕ್ತಕ್ಕೆ ಸೇರೋದು ಅತ್ಯಲ್ಪ. ಹೀರಿಕೊಳ್ಳಲಿ ಅಂತ ಕಾಳುಮೆಣಸಿನ ಪೈಪರಿನ್ ಬೆರೆಸಿದ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳೂ ದಾಖಲಾಗಿವೆ.

1961ರಲ್ಲಿ ಇಲಿಯ ವೃಷಣ ಕುಗ್ಗಿತು ಅಂದಾಗ ಯಾರೂ ಕಾರ್ಖಾನೆ ನಿಲ್ಲಿಸಲಿಲ್ಲ. ಇವತ್ತು ಇಲಿಯ ವೃಷಣ ಚೇತರಿಸಿಕೊಂಡಿತು ಅಂದ ಕೂಡಲೇ ಮಾತ್ರೆ ಮಾರಾಟಕ್ಕೆ ಬರುತ್ತೆ. ಇದು ನನಗೆ ನಿಜವಾಗಿ ಸಿಟ್ಟು ತರಿಸೋ ವಿಷಯ.

ಮನುಷ್ಯರ ಮೇಲಿನ ಪರೀಕ್ಷೆ ಏನು ಹೇಳುತ್ತೆ? ಕೀಟನಾಶಕವನ್ನೇ ಗುರಿಯಾಗಿಟ್ಟವಲ್ಲ, ಒಟ್ಟಾರೆ ಬಂಜೆತನದ ಚಿಕಿತ್ಸೆಯ ಪ್ರಯೋಗಗಳು ಇವು. 2020ರಲ್ಲಿ ಪ್ರಕಟವಾದ ಒಂದರಲ್ಲಿ 2,370 ಗಂಡಸರಿಗೆ 6 ತಿಂಗಳು ದಿನಾ 5 ಮಿಲಿಗ್ರಾಂ ಫೋಲಿಕ್ ಆಮ್ಲದ ಜೊತೆ 30 ಮಿಲಿಗ್ರಾಂ ಸತು, ಇಲ್ಲವೇ ಬರೀ ಹುಸಿಮಾತ್ರೆ ಕೊಟ್ಟರು. ಹುಟ್ಟಿದ ಮಕ್ಕಳ ಪ್ರಮಾಣದಲ್ಲಿ ವ್ಯತ್ಯಾಸವಿಲ್ಲ. ವೀರ್ಯಾಣುವಿನ ಡಿಎನ್‌ಎ ತುಂಡಾಗೋದು ಮಾತ್ರೆ ತಗೊಂಡವರಲ್ಲೇ ಸ್ವಲ್ಪ ಜಾಸ್ತಿ. ಅದೇ ವರ್ಷದ ಮಾಕ್ಸಿ ಅನ್ನೋ ಪ್ರಯೋಗದಲ್ಲಿ ವಿಟಮಿನ್ ಸಿ, ಇ, ಸೆಲೆನಿಯಂ, ಕಾರ್ನಿಟೈನ್, ಲೈಕೋಪೀನ್ ಎಲ್ಲ ಸೇರಿಸಿ ಕೊಟ್ಟರೂ ವೀರ್ಯ ಸುಧಾರಿಸಲಿಲ್ಲ. ಅಂಡಾಣುವನ್ನ ಸೇರೋ ಮುಂಚೆ ವೀರ್ಯಾಣು ಸಜ್ಜಾಗೋಕೆ ಒಂದಿಷ್ಟು ಆಕ್ಸಿಜನ್ ಕಣಗಳು ಬೇಕೇ ಬೇಕು. ಎಲ್ಲವನ್ನೂ ಒರೆಸಿಹಾಕಿದರೂ ಕೆಲಸ ಕೆಡುತ್ತೆ.

ಇನ್ನು ದಾರಿ ಮುಚ್ಚೋ ವಿಚಾರ. ನನಗೆ ಮುಖ್ಯ ಇದೇ. ಸಿಂಪಡಿಸೋರ ಮೈಗೆ ವಿಷ ಹೆಚ್ಚಾಗಿ ಸೇರೋದು ಚರ್ಮದಿಂದ, ಮತ್ತೆ ಎಲ್ಲ ಚರ್ಮವೂ ಒಂದೇ ಅಲ್ಲ. 1971ರಲ್ಲಿ ಪ್ಯಾರಥಿಯಾನ್ ಅನ್ನೋ ಕೀಟನಾಶಕ ಹಚ್ಚಿ ಅಳೆದಾಗ ಮುಂಗೈಗಿಂತ ವೃಷಣಚೀಲದ ಚರ್ಮ ಸುಮಾರು 12 ಪಟ್ಟು ಹೆಚ್ಚು ಹೀರಿಕೊಂಡಿತ್ತು. ಈಗ ಬೆನ್ನ ಮೇಲಿನ ಸ್ಪ್ರೇಯರ್ ನೆನಪಿಸಿಕೊಳ್ಳಿ. ಮುಚ್ಚಳದ ವಾಷರ್ ಸವೆದಿದ್ದರೆ ದ್ರಾವಣ ಬೆನ್ನಿಗಿಳಿದು, ಸೊಂಟದಲ್ಲಿ ನಿಂತು, ಒಳಚಡ್ಡಿ ನೆನೆಸುತ್ತೆ. ಗಂಟೆಗಟ್ಟಲೆ ಆ ಒದ್ದೆ ಬಟ್ಟೆಯಲ್ಲೇ ನಡೀತಾರೆ. ಹಾಗಾಗಿ ಮೊದಲು ಬರೀ ನೀರು ತುಂಬಿ, ಒತ್ತಡ ಕೊಟ್ಟು, ಮುಚ್ಚಳ, ಪೈಪಿನ ಬುಡ, ಹಿಡಿಕೆಯ ವಾಲ್ವ್ ಒಣ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಒದ್ದೆಯಾದರೆ ವಾಷರ್ ಬದಲಾಯಿಸದೆ ವಿಷ ಬೆರೆಸಬೇಡಿ. ಸಿಂಪಡಿಸುವಾಗ ಸೊಂಟ ಒದ್ದೆಯಾದರೆ ಅಲ್ಲೇ ಕೆಲಸ ನಿಲ್ಲಿಸಿ, ಬಟ್ಟೆ ಬಿಚ್ಚಿ, ಸೋಪು ಹಾಕಿ ತೊಳೆದುಕೊಳ್ಳಿ.

ಬೆರೆಸೋ ಹೊತ್ತೇ ಅತಿ ಅಪಾಯದ ಹೊತ್ತು, ಯಾಕಂದ್ರೆ ಕೈಯಲ್ಲಿರೋದು ನೀರು ಸೇರದ ಗಟ್ಟಿ ವಿಷ. ಆಸ್ಪತ್ರೆಯ ತೆಳು ಕೈಗವಸು ಸಾಲದು, ಚರ್ಮದ್ದು ವಿಷ ಹೀರಿ ಇಟ್ಟುಕೊಳ್ಳುತ್ತೆ. ನೈಟ್ರೈಲ್ ಅನ್ನೋ ರಬ್ಬರಿನ ದಪ್ಪ ಕೈಗವಸು ಬೇಕು. ಬಿಚ್ಚೋ ಮುಂಚೆ ಕೈಗವಸನ್ನೇ ತೊಳೀರಿ. ಕಟ್ಟಿಕೊಂಡ ನಾಜಲ್ ಬಾಯಿಂದ ಊದಬೇಡಿ. ಮತ್ತೆ ಯಾರೂ ಹೇಳದ ಒಂದು ಮಾತು: ಮೂತ್ರಕ್ಕೆ ಹೋಗೋ ಮುಂಚೆ ಕೈ ತೊಳೀಬೇಕು, ಬಂದ ಮೇಲಲ್ಲ. ವಿಷದ ಕೈ ಮೊದಲು ಮುಟ್ಟೋದು ಆ 12 ಪಟ್ಟಿನ ಚರ್ಮವನ್ನೇ. ಕೆಲಸದ ಬಟ್ಟೆ ಮನೆಯವರ ಬಟ್ಟೆಯ ಜೊತೆ ಸೇರಿಸದೆ ಬೇರೆ ಒಗೀರಿ.

ಸಿಂಪಡಿಸದವರಿಗೆ ವಿಷ ಬರೋ ದಾರಿ ಊಟದ ತಟ್ಟೆ. ಬಾಸ್ಟನ್‌ನಲ್ಲಿ 155 ಗಂಡಸರ ಮೇಲೆ ನಡೆದು 2015ರಲ್ಲಿ ಬಂದ ಅಧ್ಯಯನದಲ್ಲಿ, ಕೀಟನಾಶಕದ ಶೇಷ ಜಾಸ್ತಿ ಇರೋ ಹಣ್ಣು ತರಕಾರಿ ಹೆಚ್ಚು ತಿಂದವರಲ್ಲಿ ಒಟ್ಟು ವೀರ್ಯಾಣು, ಅತಿ ಕಡಿಮೆ ತಿಂದವರಿಗಿಂತ 49 ಶೇಕಡ ಕಡಿಮೆಯಿತ್ತು. ಇದರಿಂದಲೇ ಹಾಗಾಯ್ತು ಅಂತ ಅದು ಸಾಬೀತು ಮಾಡೋದಿಲ್ಲ. ಗಮನಿಸಬೇಕಾದ್ದು ಇನ್ನೊಂದಿದೆ: ಶೇಷ ಕಡಿಮೆ ಇರೋ ಹಣ್ಣು ತರಕಾರಿ ತಿಂದವರಲ್ಲಿ ವೀರ್ಯಾಣುವಿನ ಆಕಾರ ಚೆನ್ನಾಗೇ ಇತ್ತು. ಹಾಗಾಗಿ ಹಣ್ಣು ಬಿಡಬೇಡಿ, ತೊಳೀರಿ. ಲೀಟರ್ ನೀರಿಗೆ 10 ಗ್ರಾಂ ಅಡುಗೆ ಸೋಡಾ, 12ರಿಂದ 15 ನಿಮಿಷ ನೆನೆಸಿ, ಆಮೇಲೆ ಹರಿಯೋ ನೀರಲ್ಲಿ ಉಜ್ಜಿ. ಸೇಬಿನ ಮೇಲ್ಮೈಯಲ್ಲಿದ್ದ ಥಯಾಬೆಂಡಝೋಲ್, ಫಾಸ್ಮೆಟ್ ಅನ್ನೋ ವಿಷಗಳು ಹೀಗೆ ಹೋಗ್ತವೆ ಅಂತ ಪರೀಕ್ಷೆಯಲ್ಲಿ ಕಂಡಿದೆ. ಸಿಪ್ಪೆಯೊಳಗೆ ಇಳಿದದ್ದು, ಗಿಡವೇ ಬೇರಿನಿಂದ ಹೀರಿದ್ದು ತೊಳೆದರೆ ಹೋಗಲ್ಲ.

ಊಟದಲ್ಲಿ ಆಂಟಿಆಕ್ಸಿಡೆಂಟ್ ಧಾರಾಳವಾಗಿ ಇರಲಿ. ಟೊಮೆಟೊವನ್ನ ಎಣ್ಣೆ ಹಾಕಿ ಬೇಯಿಸಿದರೆ ಅದರಲ್ಲಿರೋ ಲೈಕೋಪೀನ್ ಮೈಗೆ ಚೆನ್ನಾಗಿ ಸೇರುತ್ತೆ. 2012ರ ಪ್ರಯೋಗದಲ್ಲಿ ದಿನಾ 75 ಗ್ರಾಂ ಆಕ್ರೋಟ್ 12 ವಾರ ತಿಂದ ಆರೋಗ್ಯವಂತ ಯುವಕರಲ್ಲಿ ವೀರ್ಯಾಣುವಿನ ಚಲನೆ, ಆಕಾರ ಎರಡೂ ಸುಧಾರಿಸಿದ್ದವು. ಆದರೆ ಒದ್ದೆ ಚಡ್ಡಿಯಲ್ಲಿ ಸಿಂಪಡಿಸಿ ಬಂದು ಆಕ್ರೋಟ್ ತಿನ್ನೋದು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ವೀರ್ಯಾಣು ತಯಾರಾಗೋಕೆ ಸುಮಾರು 64 ದಿನ, ಹೊರಬರೋಕೆ ಇನ್ನೊಂದೆರಡು ವಾರ. ಆದ್ದರಿಂದ ದಾರಿ ಮುಚ್ಚಿ 3 ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿ, ಅದಕ್ಕೆ ಮೊದಲು 2ರಿಂದ 7 ದಿನ ವೀರ್ಯ ಹೊರಹೋಗದಂತೆ ಸಂಯಮ ಇರಲಿ. ಒಂದೇ ವರದಿ ನಂಬಬೇಡಿ, ಇತ್ತೀಚೆಗೆ ಜ್ವರ ಬಂದಿದ್ದರೂ ಸಂಖ್ಯೆ ಇಳಿದಿರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಅಂಚು ಮಿಲಿಲೀಟರ್‌ಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ಚಲಿಸೋವು ಒಟ್ಟು 42 ಶೇಕಡ. ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿಯ ಲೇಬಲ್‌ನ ಫೋಟೋ ತಗೊಂಡು ಹೋಗಿ. ಬ್ರಾಂಡ್ ಹೆಸರಿಗಿಂತ ಒಳಗಿರೋ ರಾಸಾಯನಿಕದ ಹೆಸರು ಮುಖ್ಯ. ಎಷ್ಟು ದಿನಕ್ಕೊಮ್ಮೆ ಸಿಂಪಡಿಸ್ತೀರಿ, ಕೊನೇ ಸಲ ಯಾವಾಗ ಸಿಂಪಡಿಸಿದ್ದು ಅನ್ನೋದನ್ನ ಅವರು ಕೇಳದಿದ್ದರೂ ನೀವೇ ಹೇಳಿ.