ಎಂಜಿನ್ ಬಿಚ್ಚಿಸುವ ಮೊದಲು

ಪುಣೆ, ಮುಂಬೈ ಕಡೆಯ ಎಲ್ಲ ಕನ್ನಡ ಕೇಳುಗರಿಗೂ ನಮಸ್ಕಾರ.

ಸೆಕೆಂಡ್‌ ಹ್ಯಾಂಡ್ ಎಸ್‌ಯುವಿ ಕೊಂಡವರು ನಮ್ಮಲ್ಲಿ ಈಗ ಬಹಳ ಜನ. ಊರಿಗೆ ಹೋಗಿ ಬರಲು ಏಳು ಸೀಟು ಬೇಕು, ಹೊಸ ಗಾಡಿಯ ಬೆಲೆ ಕೈಗೆ ಎಟುಕುವುದಿಲ್ಲ. ಹಾಗಾಗಿ ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಗಾಡಿ ಮನೆಗೆ ಬರುತ್ತದೆ. ಒಂದು ದಿನ ಸೈಲೆನ್ಸರ್‌ನಲ್ಲಿ ಹೊಗೆ ಶುರುವಾಗುತ್ತದೆ. ಗ್ಯಾರೇಜಿನವರು ನೋಡಿ, 'ಎಂಜಿನ್ ಕೆಲಸ ಬಂದಿದೆ' ಅನ್ನುತ್ತಾರೆ. ನೀವು ತಕ್ಷಣ ಕೇಳುತ್ತೀರಿ, 'ಎಷ್ಟಾಗುತ್ತೆ?'

ದಯವಿಟ್ಟು ಅದನ್ನು ಆಮೇಲೆ ಕೇಳಿ. ಮೊದಲು 'ಹೇಗೆ ಗೊತ್ತಾಯ್ತು?' ಅಂತ ಕೇಳಿ. ಈ ಹೊತ್ತು ನಾನು ಹೇಳಲು ಬಂದಿರುವುದು ಇದನ್ನೇ.

ಕೊಥ್ರೂಡ್‌ನಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯವರೊಬ್ಬರು ನನಗೆ ಪರಿಚಯ. ಹಬ್ಬಕ್ಕೆ ಊರಿಗೆ ಹೊರಟಿದ್ದರು. ಸಾತಾರಾಕ್ಕೆ ಮೊದಲು ಖಂಬಾಟ್ಕಿ ಘಾಟ್ ಬರುತ್ತದಲ್ಲ, ಅದನ್ನು ಹತ್ತುವಾಗ ಹಿಂದೆ ನೀಲಿ ಹೊಗೆ. ಹಿಂದಿನ ಗಾಡಿಯವರು ಹಾರ್ನ್ ಹೊಡೆದು ತೋರಿಸಿದ ಮೇಲೆ ಇವರಿಗೆ ಗೊತ್ತಾಗಿದ್ದು. ವಾಪಸ್ ಬಂದು ಒಂದು ಗ್ಯಾರೇಜಿಗೆ ಹಾಕಿದರು. 'ಪಿಸ್ಟನ್ ರಿಂಗ್ ಹೋಗಿದೆ, ಫುಲ್ ಎಂಜಿನ್ ಮಾಡಬೇಕು, 1,80,000 ರೂಪಾಯಿ' ಎಂಬ ಉತ್ತರ ಬಂತು. ಪಿಸ್ಟನ್ ರಿಂಗ್ ಅಂದರೆ ಸಿಲಿಂಡರ್ ಒಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ ಸುತ್ತಲಿನ ಲೋಹದ ಉಂಗುರ, ಅದು ಒತ್ತಡ ಸೋರದಂತೆ, ಆಯಿಲ್ ಮೇಲೆ ಬರದಂತೆ ತಡೆಯುತ್ತದೆ. ಹೆಂಡತಿಯ ಬಳೆ ಅಡ ಇಡುವ ಮಾತಾಡುತ್ತಾ ನನಗೆ ಫೋನ್ ಮಾಡಿದರು.

'ರಿಂಗ್ ಹೋಗಿದೆ ಅಂತ ಹೇಗೆ ಗೊತ್ತಾಯ್ತಂತೆ?' ಎಂದೆ.

'ಹೊಗೆ ಕಂಡಿತಲ್ಲ ಮಾರಾಯ್ರೇ!'

ಹೊಗೆ ಎಲ್ಲರಿಗೂ ಕಾಣುತ್ತದೆ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ ಎಂದು ಅರ್ಥ. ಆಯಿಲ್ ಎಲ್ಲಿಂದ ಒಳಗೆ ಬಂತು ಎನ್ನುವುದನ್ನು ಹೊಗೆ ಹೇಳುವುದಿಲ್ಲ. ಗಾಡಿಯನ್ನು ನಮ್ಮ ರಿಪೇರಿ ಶೆಡ್ಡಿಗೆ ಎಳೆಸಿಕೊಂಡೆವು. ಮೊದಲು ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ಅಳೆಯುವುದು. ತಣ್ಣಗಿನ ಎಂಜಿನ್ ಶುರುವಾಗಲು ಬಿಸಿ ಕೊಡುವ ಗ್ಲೋ ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜ್ ಕೂರಿಸಿ, ಡೀಸೆಲ್ ಬಂದ್ ಮಾಡಿ ಸೆಲ್ಫ್ ಹೊಡೆದರೆ ಮುಳ್ಳು ಮೇಲೇರುತ್ತದೆ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿಯನ್ನು ಒತ್ತಿದ ಬಿಸಿಯಲ್ಲೇ ಇಂಧನ ಹೊತ್ತಿಕೊಳ್ಳಬೇಕು. ಹಾಗಾಗಿ ಈ ಒತ್ತಡವೇ ಅದರ ಜೀವ. ನಾಲ್ಕೂ ಸಿಲಿಂಡರ್‌ನಲ್ಲಿ ಒತ್ತಡ 26, 27 ಬಾರ್ ಬಂತು. ಸರಿಸಮ! ರಿಂಗ್ ಸವೆದ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಹೀಗೆ ಬರುವುದಿಲ್ಲ. ಎಂಜಿನ್ ಚಾಲೂ ಇಟ್ಟು ಆಯಿಲ್ ಕ್ಯಾಪ್ ತೆಗೆದು ನೋಡಿದೆವು, ರಿಂಗ್ ಸೋರುತ್ತಿದ್ದರೆ ಅಲ್ಲಿಂದ ಹೊಗೆ ನುಗ್ಗಬೇಕಿತ್ತು, ನುಗ್ಗಲಿಲ್ಲ.

ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನಿಗೆ ಟರ್ಬೊ ಅನ್ನುತ್ತಾರೆ, ಆ ಗಾಳಿಯನ್ನು ತಣಿಸುವುದು ಇಂಟರ್‌ಕೂಲರ್. ಆಮೇಲೆ ಆ ಇಂಟರ್‌ಕೂಲರ್ ಪೈಪ್ ಕಳಚಿದೆವು. ಕೆಳಗಿಟ್ಟ ಟ್ರೇಗೆ ಕಪ್ಪು ಆಯಿಲ್ ಸುರಿಯಿತು. ಟರ್ಬೊ ಬಾಯಿಗೆ ಕೈ ಹಾಕಿ ಶಾಫ್ಟ್ ಅಲ್ಲಾಡಿಸಿದರೆ ಕಟಕಟ ಅನ್ನುತ್ತಿತ್ತು, ಫ್ಯಾನಿನ ಅಂಚು ಗೋಡೆಗೆ ಉಜ್ಜಿ ಹೊಳೆಯುತ್ತಿತ್ತು. ಅಷ್ಟೇ ಸಂಗತಿ. ಬೇರಿಂಗ್ ಸವೆದು ಟರ್ಬೊ ಆಯಿಲ್ ಬಿಡುತ್ತಿತ್ತು, ಎಂಜಿನ್ ಅದನ್ನು ಗಾಳಿಯ ಜೊತೆ ಎಳೆದುಕೊಂಡು ಸುಡುತ್ತಿತ್ತು. ಟರ್ಬೊ ರಿಪೇರಿ, ಪೈಪ್ ತೊಳೆಯುವುದು, ಹೊಸ ಆಯಿಲ್, ಫಿಲ್ಟರ್, ಎಲ್ಲ ಸೇರಿ 32,000. ಬಳೆ ಮನೆಯಲ್ಲೇ ಉಳಿಯಿತು.

ಅದೇ ಎಂಜಿನ್ ಬಿಚ್ಚಿ ಹೊಸ ರಿಂಗ್ ಹಾಕಿದ್ದರೆ? ಹೊಗೆ ಹಾಗೇ ಇರುತ್ತಿತ್ತು! ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಡಾಕ್ಟರ್ ಸ್ಕ್ಯಾನ್ ಇಲ್ಲದೆ ಹೊಟ್ಟೆ ಕೊಯ್ಯುತ್ತೇನೆ ಅಂದರೆ ಒಪ್ಪುತ್ತೀರಾ? ಗಾಡಿಗೆ ಮಾತ್ರ ಯಾಕೆ ಒಪ್ಪುತ್ತೀರಿ? ಹೇಗೆ ಗೊತ್ತಾಯ್ತು ಅಂತ ಕೇಳಿ. ಗೇಜ್ ತೋರಿಸಿದ ಅಂಕಿಯನ್ನು ಎಸ್ಟಿಮೇಟಿನ ಮೇಲೆ ಬರೆಸಿಕೊಳ್ಳಿ. ಒಳ್ಳೆಯ ಮಿಸ್ತ್ರಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಒಂದು ಎಚ್ಚರಿಕೆ. ನೀಲಿ ಹೊಗೆ ಜೋರಾಗಿದ್ದರೆ ಗಾಡಿ ಓಡಿಸಬೇಡಿ. ಟರ್ಬೊದಿಂದ ಬರುವ ಆಯಿಲ್ಲನ್ನೇ ಕುಡಿದು ಡೀಸೆಲ್ ಎಂಜಿನ್ ತಾನಾಗಿ ರೇಸ್ ಆಗಬಹುದು, ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಆಗ ನಿಜವಾಗಿಯೂ ಎಂಜಿನ್ ಹೋಗುತ್ತದೆ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದು, ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಎಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ಕೂರಿಸುವ ಹಾಳೆಯ ಮೇಲೆ ಅನುಮಾನ ಪಡಿ. ಘಾಟಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೆ ಅಲ್ಲೇ ಬದಿಗೆ ನಿಲ್ಲಿಸಿ. ಮುಂದಿನ ಧಾಬಾವರೆಗೆ ಅಂತ ಎಳೆದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಕಪ್ಪು ಹೊಗೆಗೆ ಏರ್ ಫಿಲ್ಟರ್, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಮೊದಲು ನೋಡಿಸಿ.

ಇನ್ನು ಕೆಲವರು ಮುಂಬೈಯ ಕುರ್ಲಾದಿಂದ ಹಳೆಯ ಎಂಜಿನ್ ತಂದು ಕೂರಿಸುತ್ತಾರೆ. ಬಿಲ್ ಇಲ್ಲದೆ ತರಬೇಡಿ. ಎಂಜಿನ್ ಬದಲಾದರೆ ಎಂಜಿನ್ ನಂಬರೂ ಬದಲಾಗುತ್ತದೆ, ಅದನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಬೇಕು. ಸುಮ್ನೆ ಬಿಟ್ಟರೆ ಇನ್ಶೂರೆನ್ಸ್ ಕ್ಲೇಮಿಗೂ ತೊಂದರೆ, ಗಾಡಿ ಮಾರಲು ಹೋದಾಗಲೂ ತೊಂದರೆ. ಆ ಎಂಜಿನ್‌ಗೂ ದುಡ್ಡು ಕೊಡುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ.

ನಮಸ್ಕಾರ.